ಮೊದಲ ವರ್ಷದ ವಿಜ್ಞಾನ ವಿದ್ಯಾರ್ಥಿಗಳಿಗೆ ಮೆಂಟರ್ ಆಗುವುದು ಹೇಗೆ? ಸ್ವಯಂಸೇವಕ ಸೀನಿಯರ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಶಾಲೆಯಲ್ಲಿ ವಿಜ್ಞಾನ ಇಷ್ಟಪಟ್ಟು ಓದಿದವರೇ ವಿಶ್ವವಿದ್ಯಾಲಯದಲ್ಲೂ ವಿಜ್ಞಾನ ಆರಿಸಿಕೊಳ್ಳುತ್ತಾರೆ. ಆದರೆ ಸೇರಿದ ಕೆಲವೇ ವಾರಗಳಲ್ಲಿ ಅವರಲ್ಲಿ ಹಲವರಿಗೆ 'ಇದು ನನ್ನ ಕೈಲಿ ಆಗೋದಲ್ಲ' ಅನ್ನಿಸಿಬಿಡುತ್ತದೆ. ಪಾಠ ಓಡುತ್ತದೆ. ತರಗತಿ ದೊಡ್ಡದು. ಓದಿದೆಯಾ ಅಂತ ಯಾರೂ ಕೇಳುವುದಿಲ್ಲ. ಮೊದಲ ವಾರ ಅರ್ಥವಾಗದ್ದನ್ನು ಬಿಟ್ಟರೆ ಮೂರನೇ ವಾರದ್ದು ಅರ್ಥವೇ ಆಗುವುದಿಲ್ಲ, ಏಕೆಂದರೆ ವಿಜ್ಞಾನದಲ್ಲಿ ಒಂದರ ಮೇಲೊಂದು ಕಟ್ಟಿಕೊಂಡೇ ಹೋಗಬೇಕು. ಪಕ್ಕದಲ್ಲಿ ಕೂತವರಿಗೆಲ್ಲ ಅರ್ಥವಾಗುತ್ತಿದೆ ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ.

ಇಂಥ ಹೊತ್ತಿನಲ್ಲಿ ಒಂದೆರಡು ವರ್ಷ ಮುಂದಿರುವ ಸೀನಿಯರ್ ಒಬ್ಬರು ಜೊತೆಗಿದ್ದರೆ ತುಂಬಾ ವ್ಯತ್ಯಾಸ ಆಗುತ್ತದೆ. ಆ ಕೆಲಸ ಮಾಡಲು ಮನಸ್ಸಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶುರುವಿನಲ್ಲೇ ಒಂದು ಮಾತು: ನೀವು ಎರಡನೇ ಮೇಷ್ಟರಾಗಲು ಹೋಗಬೇಡಿ. ನಿಮ್ಮ ಬಲ ಇರುವುದು ನಿಮಗೆ ಎಷ್ಟು ಗೊತ್ತು ಎಂಬುದರಲ್ಲಲ್ಲ, ನೀವು ಅವರಿಗೆ ಎಷ್ಟು ಹತ್ತಿರ ಇದ್ದೀರಿ ಎಂಬುದರಲ್ಲಿ. ಪ್ರಾಧ್ಯಾಪಕರ ಮುಂದೆ ಕೇಳಲು ನಾಚಿಕೆಯಾಗುವ ಪ್ರಶ್ನೆಯನ್ನು ಅವರು ನಿಮ್ಮ ಮುಂದೆ ಕೇಳಬಲ್ಲರು. ಆ ಹತ್ತಿರವನ್ನು ಉಳಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ.

ಮೊದಲು ತಿಳಿದಿರಬೇಕಾದ್ದು: ಇದು 'ದಡ್ಡರ ಕ್ಲಾಸ್' ಅಲ್ಲ

1973ರಲ್ಲಿ ಅಮೆರಿಕದ ಮಿಸ್ಸೂರಿ–ಕ್ಯಾನ್ಸಾಸ್ ಸಿಟಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಅವರು 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' ಎಂಬ ಪದ್ಧತಿ ಶುರುಮಾಡಿದರು. ಅದರ ಹಿಂದಿನ ಯೋಚನೆ ಸರಳ. ಹಿಂದುಳಿದ ವಿದ್ಯಾರ್ಥಿಗಳು ಯಾರು ಅಂತ ಹುಡುಕುವ ಬದಲು, ಹೆಚ್ಚು ಜನ ಎಡವುವ ಕೋರ್ಸ್ ಯಾವುದು ಅಂತ ನೋಡುವುದು. ಆ ಕೋರ್ಸನ್ನು ಹಿಂದೆ ಚೆನ್ನಾಗಿ ಮುಗಿಸಿದ ಸೀನಿಯರ್ ಮತ್ತೆ ಅದೇ ತರಗತಿಯಲ್ಲಿ ಕೂರುತ್ತಾರೆ, ಆಮೇಲೆ ಗುಂಪಿನ ಜೊತೆ ಅಭ್ಯಾಸ ನಡೆಸುತ್ತಾರೆ. ಯಾರು ಬೇಕಾದರೂ ಬರಬಹುದು. ಹಾಗಾಗಿ ಬಂದವರ ಹಣೆಗೆ ಯಾವ ಪಟ್ಟಿಯೂ ಅಂಟುವುದಿಲ್ಲ. ಈ ಪದ್ಧತಿ ಆಮೇಲೆ ಹಲವು ದೇಶಗಳಿಗೆ ಬೇರೆ ಬೇರೆ ಹೆಸರಲ್ಲಿ ಹಬ್ಬಿತು.

ಅದೇ ದಶಕದ ಕೊನೆಯಲ್ಲಿ ಯೂರಿ ಟ್ರೀಸ್ಮನ್ ಎಂಬ ಗಣಿತಜ್ಞರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್ ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಅಂತ ಹತ್ತಿರದಿಂದ ಗಮನಿಸಿದರು. ಕಷ್ಟಪಡುತ್ತಿದ್ದವರು ಶ್ರಮಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೆನ್ನಾಗಿ ಮಾಡುತ್ತಿದ್ದ ಹಲವರು ಗುಂಪಲ್ಲಿ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದಿಕೊಳ್ಳುತ್ತಿದ್ದರು. ಆಗ ಟ್ರೀಸ್ಮನ್ ಗುಂಪು ಅಭ್ಯಾಸ ಶುರುಮಾಡಿದರು. ಅಲ್ಲಿ ಕೊಟ್ಟಿದ್ದು ಸುಲಭದ ಲೆಕ್ಕಗಳನ್ನಲ್ಲ, ಕಷ್ಟದ್ದನ್ನು. ನನಗೆ ಇದರಲ್ಲಿ ಬಹಳ ಮುಖ್ಯವಾಗಿ ಕಾಣುವುದು ಈ ಮಾತೇ. ಜೂನಿಯರ್‌ಗಳಿಗೆ ಬೇಕಿರುವುದು ಕನಿಕರ ಅಲ್ಲ. ಒಳ್ಳೆಯ ಲೆಕ್ಕ ಬೇಕು, ಅದನ್ನು ಜೊತೆಗೆ ಕೂತು ಮಾಡಲು ಜನ ಬೇಕು.

ಹೆಜ್ಜೆ 1: ಸಮಯ ನೋಡಿಕೊಂಡು ಒಪ್ಪಿಕೊಳ್ಳಿ

ವಾರಕ್ಕೆ ಒಂದು ಗಂಟೆ ಭೇಟಿ, ಅದರ ತಯಾರಿಗೆ ಇನ್ನೊಂದು ಗಂಟೆ, ಮಧ್ಯೆ ಬರುವ ಮೆಸೇಜುಗಳಿಗೆ ಒಂದಿಷ್ಟು ಹೊತ್ತು. ಇಷ್ಟನ್ನು ಇಡೀ ಸೆಮಿಸ್ಟರ್ ಕೊಡಲು ಸಾಧ್ಯವಾ ಅಂತ ಮೊದಲು ಕ್ಯಾಲೆಂಡರ್ ತೆಗೆದು ನೋಡಿ. ನಿಮ್ಮ ಸ್ವಂತ ಪರೀಕ್ಷೆ, ಪ್ರಾಜೆಕ್ಟ್ ಯಾವಾಗ ಬರುತ್ತವೆ ಅಂತ ಗುರುತು ಹಾಕಿಕೊಳ್ಳಿ. ನಾಲ್ಕು ವಾರ ಬಂದು ಆಮೇಲೆ ಕಾಣೆಯಾಗುವ ಮೆಂಟರ್‌ಗಿಂತ ಮೊದಲೇ 'ಈ ಸಲ ಆಗಲ್ಲ' ಅನ್ನುವವರು ಎಷ್ಟೋ ಮೇಲು. ಮೊದಲ ಸಲ ಮಾಡುತ್ತಿದ್ದರೆ ನಾಲ್ಕರಿಂದ ಆರು ಜನರ ಗುಂಪು ಸಾಕು. ಅದಕ್ಕಿಂತ ಹೆಚ್ಚಾದರೆ ಒಬ್ಬಿಬ್ಬರು ಮೂಲೆಯಲ್ಲಿ ಮಾತಿಲ್ಲದೆ ಉಳಿದುಬಿಡುತ್ತಾರೆ.

ಎಲ್ಲ ವಿಷಯದಲ್ಲೂ ಮೊದಲ ದರ್ಜೆ ಬಂದಿರಬೇಕು ಅಂತೇನಿಲ್ಲ. ಒಂದು ಕೋರ್ಸಿನಲ್ಲಿ ಮೊದಲು ತಡವರಿಸಿ ಆಮೇಲೆ ದಾರಿ ಕಂಡುಕೊಂಡವರು ಆ ಕೋರ್ಸಿಗೆ ಬಹಳ ಒಳ್ಳೆಯ ಮೆಂಟರ್ ಆಗುತ್ತಾರೆ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಅನ್ನುವುದು ಅವರಿಗೆ ನೆನಪಿರುತ್ತದೆ.

ಹೆಜ್ಜೆ 2: ವಿಭಾಗದ ಜೊತೆ ಮಾತಾಡಿ

ಒಬ್ಬರೇ ಶುರುಮಾಡಬೇಡಿ. ಮೊದಲ ವರ್ಷದ ಕೋರ್ಸ್ ನೋಡಿಕೊಳ್ಳುವ ಅಧ್ಯಾಪಕರನ್ನು ಭೇಟಿಮಾಡಿ ಮೂರು ವಿಷಯ ಖಚಿತ ಮಾಡಿಕೊಳ್ಳಿ. ಒಂದು, ಅಂಕಕ್ಕೆ ಎಣಿಕೆಯಾಗುವ ಅಸೈನ್‌ಮೆಂಟ್‌ಗಳಲ್ಲಿ ನೀವು ಎಲ್ಲಿಯವರೆಗೆ ಸಹಾಯ ಮಾಡಬಹುದು? ಎರಡು, ಓದಿಗೆ ಹೊರತಾದ ತೊಂದರೆ ಎದುರಾದರೆ ಯಾರಿಗೆ ತಿಳಿಸಬೇಕು? ಆಪ್ತಸಮಾಲೋಚಕರು ಯಾರು, ಎಲ್ಲಿ ಸಿಗುತ್ತಾರೆ? ಮೂರು, ಭೇಟಿಗೆ ಜಾಗ ಯಾವುದು? ಖಾಲಿ ತರಗತಿ, ಗ್ರಂಥಾಲಯದ ಚರ್ಚಾ ಕೊಠಡಿ, ಹೀಗೆ ನಾಲ್ಕು ಜನ ಓಡಾಡುವ ಕಡೆ ಇರಲಿ. ಯಾರದೋ ರೂಮು ಬೇಡ. ಇದು ನಿಮಗೂ ಕ್ಷೇಮ, ಅವರಿಗೂ ಕ್ಷೇಮ. ತರಬೇತಿ ಇದೆ ಅಂದರೆ ತಪ್ಪಿಸಬೇಡಿ.

ಹೆಜ್ಜೆ 3: ಹಳೆಯ ಪುಸ್ತಕ ಮತ್ತೆ ತೆರೆಯಿರಿ

ಮೊದಲ ವರ್ಷದ್ದು ಎಲ್ಲ ಗೊತ್ತು ಅಂತ ಅನ್ನಿಸುತ್ತದೆ. ಗೊತ್ತಿರುತ್ತದೆ ಕೂಡ, ಆದರೆ ಹೇಗೆ ಗೊತ್ತಾಯಿತು ಅನ್ನುವುದು ಮರೆತುಹೋಗಿರುತ್ತದೆ. ಆ ವಾರದ ಎರಡು ಮೂರು ಲೆಕ್ಕಗಳನ್ನು ಪೆನ್ನು ಹಿಡಿದು ಪೂರ್ತಿ ಮಾಡಿ. ನೀವು ಮನಸ್ಸಲ್ಲೇ ದಾಟಿಬಿಡುವ ಸಾಲುಗಳ ಪಕ್ಕ ಗುರುತು ಹಾಕಿ. ಹೊಸಬರು ನಿಲ್ಲುವುದು ಸಾಮಾನ್ಯವಾಗಿ ಆ ಸಾಲುಗಳಲ್ಲೇ.

ಹೆಜ್ಜೆ 4: ಮೊದಲ ಮೆಸೇಜ್, ಮೊದಲ ಭೇಟಿ

ಮೊದಲ ಮೆಸೇಜ್ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು:

'ನಮಸ್ಕಾರ. ನಾನು ಮೂರನೇ ವರ್ಷದ ಭೌತಶಾಸ್ತ್ರ ವಿದ್ಯಾರ್ಥಿನಿ, ಈ ಸೆಮಿಸ್ಟರ್‌ಗೆ ನಿಮ್ಮ ಮೆಂಟರ್. ಪ್ರತಿ ಬುಧವಾರ 4 ಗಂಟೆಗೆ ಗ್ರಂಥಾಲಯದ ಚರ್ಚಾ ಕೊಠಡಿಯಲ್ಲಿ ಸೇರೋಣ. ಬರುವಾಗ ಈ ವಾರ ಅರ್ಥವಾಗದ ಒಂದು ಲೆಕ್ಕ ಅಥವಾ ಒಂದು ಪುಟ ತನ್ನಿ. ಅಷ್ಟೇ ಸಾಕು.'

ಕೊನೆಯ ಎರಡು ವಾಕ್ಯ ಬಿಡಬೇಡಿ. ಏನು ತರಬೇಕು ಅಂತ ಗೊತ್ತಿದ್ದರೆ ಬರುವುದು ಸುಲಭ. 'ಏನಾದರೂ ಡೌಟ್ ಇದ್ದರೆ ಕೇಳಿ' ಅಂದರೆ ಯಾರೂ ಕೇಳುವುದಿಲ್ಲ.

ಮೊದಲ ಭೇಟಿಯಲ್ಲಿ ಹೆಸರು ಕಲಿಯಿರಿ, ಸರಿಯಾಗಿ ಉಚ್ಚರಿಸಲು ಕಲಿಯಿರಿ. ಯಾವ ವಿಷಯ ಇಷ್ಟ, ಯಾವುದು ಹೆದರಿಕೆ, ಶಾಲೆಯಲ್ಲಿ ಯಾವ ಭಾಷೆಯಲ್ಲಿ ಓದಿದರು ಅಂತ ಕೇಳಿ. ಬೇರೆ ಭಾಷೆಯಲ್ಲಿ ಕಲಿತು ಬಂದವರಿಗೆ ಎಷ್ಟೋ ಸಲ ವಿಷಯ ಗೊತ್ತಿರುತ್ತದೆ, ಪದ ಮಾತ್ರ ಹೊಸದು. ಅಂಥವರಿಗೆ ಪುಸ್ತಕದ ಕೊನೆಯ ಪುಟದಲ್ಲಿ ಎರಡೂ ಭಾಷೆಯ ಪದಗಳ ಪಟ್ಟಿ ಬರೆದುಕೊಳ್ಳಲು ಹೇಳಿ. ಎಲ್ಲರ ಮುಂದೆ ಅಂಕ ಎಷ್ಟು ಅಂತ ಮಾತ್ರ ಕೇಳಬೇಡಿ.

ಒಪ್ಪಂದವನ್ನೂ ಅಂದೇ ಮಾಡಿಕೊಳ್ಳಿ. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ. ಆದರೆ ಯಾರ ಜೀವಕ್ಕಾದರೂ ಅಪಾಯ ಇದೆ ಅನ್ನಿಸಿದರೆ ನಾನು ಸುಮ್ಮನಿರುವುದಿಲ್ಲ, ಸಹಾಯ ಮಾಡಬಲ್ಲವರಿಗೆ ಹೇಳುತ್ತೇನೆ. ಇದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ. ಆಮೇಲೆ ಹೇಳಿದರೆ ನಂಬಿಕೆ ಮುರಿದಂತೆ ಆಗುತ್ತದೆ.

ಹೆಜ್ಜೆ 5: ವಾರದ ಭೇಟಿಯನ್ನು ನಡೆಸುವ ಬಗೆ

ಇಡೀ ಕೆಲಸದ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ. ಹಿಂದಿನ ವಾರದ ಪಾಠದಲ್ಲಿ ನೆನಪಿರುವುದನ್ನು ಖಾಲಿ ಹಾಳೆಯಲ್ಲಿ ಬರೆಯಲು ಹೇಳಿ. ಇದಕ್ಕೆ ಕಾರಣ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಠ್ಯವನ್ನು ಓದಿ ಮತ್ತೆ ಓದಿದರು. ಉಳಿದವರು ಓದಿ, ನೆನಪಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಕೊಟ್ಟಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೊಟ್ಟಾಗ ನೆನಪಿಂದ ಬರೆದವರು ಮುಂದಿದ್ದರು. ಹೊಸಬರು ಮೋಸಹೋಗುವುದು ಇಲ್ಲೇ. ಮತ್ತೆ ಮತ್ತೆ ಓದಿದಾಗ ಎಲ್ಲ ಗೊತ್ತಾದಂತೆ ಅನ್ನಿಸುತ್ತದೆ, ಆದರೆ ವಾರ ಕಳೆದರೆ ಉಳಿಯುವುದಿಲ್ಲ. ಇದನ್ನು ಬರೀ ಬಾಯಲ್ಲಿ ಹೇಳಬೇಡಿ, ಪ್ರತಿ ವಾರ ಮಾಡಿಸಿ. ಅಭ್ಯಾಸ ತಾನಾಗಿ ಹತ್ತುತ್ತದೆ.

ಆಮೇಲೆ ಅವರು ತಂದ ಲೆಕ್ಕಗಳಿಗೆ ಬನ್ನಿ. ಪೆನ್ನು ಅವರ ಕೈಯಲ್ಲೇ ಇರಲಿ. ನೀವು ಪೆನ್ನು ತೆಗೆದುಕೊಂಡ ಕ್ಷಣ ಅವರು ನೋಡುವವರಾಗುತ್ತಾರೆ, ಮಾಡುವವರಾಗಿ ಉಳಿಯುವುದಿಲ್ಲ. ಒಂದು ಉದಾಹರಣೆ ನೋಡಿ. ಚೆಂಡನ್ನು ನೇರ ಮೇಲಕ್ಕೆ ಎಸೆದಿದೆ. ಅದು ಕೈ ಬಿಟ್ಟು ಇನ್ನೂ ಮೇಲಕ್ಕೆ ಹೋಗುತ್ತಿದೆ. ಅದರ ಮೇಲೆ ಯಾವ ಬಲಗಳಿವೆ? ಗಾಳಿಯ ತಡೆ ಬಿಟ್ಟುಬಿಡಿ. ಒಬ್ಬ ಹುಡುಗ ಕೆಳಗೆ ಒಂದು ಬಾಣ, ಮೇಲಕ್ಕೆ ಒಂದು ಬಾಣ ಬರೆದಿದ್ದಾನೆ ಅಂದುಕೊಳ್ಳಿ. ಇದು ಬಹಳ ಸಾಮಾನ್ಯವಾದ ತಪ್ಪು ತಿಳಿವಳಿಕೆ.

'ಕೆಳಗಿನ ಬಾಣ ಏನು?'

'ಗುರುತ್ವ.'

'ಮೇಲಿನದು?'

'ಎಸೆದ ಬಲ ಅಕ್ಕಾ.'

'ಆ ಬಲವನ್ನು ಚೆಂಡಿನ ಮೇಲೆ ಹಾಕುತ್ತಿರುವ ವಸ್ತು ಯಾವುದು?'

'ಕೈ.'

'ಈಗ ಕೈ ಚೆಂಡನ್ನು ಮುಟ್ಟಿದೆಯಾ?'

'ಇಲ್ಲ... ಆದರೆ ಬಲ ಇಲ್ಲದೆ ಅದು ಮೇಲಕ್ಕೆ ಹೇಗೆ ಹೋಗುತ್ತೆ?'

ಇಲ್ಲಿ ನಿಲ್ಲಿ. ಅವನು ಈಗ ಕೇಳಿದ್ದೇ ನಿಜವಾದ ಪ್ರಶ್ನೆ. ಚಲನೆ ಇದ್ದರೆ ಆ ದಿಕ್ಕಿನಲ್ಲಿ ಬಲ ಇರಲೇಬೇಕು ಅಂತ ಅವನು ನಂಬಿದ್ದಾನೆ. 'ತಪ್ಪು, ಗುರುತ್ವ ಒಂದೇ' ಅಂತ ಮೊದಲೇ ಹೇಳಿಬಿಟ್ಟಿದ್ದರೆ ಬಾಣ ಅಳಿಸುತ್ತಿದ್ದ, ನಂಬಿಕೆ ಹಾಗೇ ಉಳಿಯುತ್ತಿತ್ತು. ಈಗ ಮುಂದುವರಿಸಿ.

'ಯಾವ ಬಲವೂ ಇಲ್ಲದಿದ್ದರೆ ಓಡುತ್ತಿರುವ ವಸ್ತು ಏನು ಮಾಡುತ್ತೆ?'

'ಅದೇ ವೇಗದಲ್ಲಿ ನೇರ ಹೋಗ್ತಾ ಇರುತ್ತೆ. ನ್ಯೂಟನ್ನನ ಮೊದಲ ನಿಯಮ.'

'ಈ ಚೆಂಡು ಅದೇ ವೇಗದಲ್ಲಿ ಹೋಗ್ತಿದೆಯಾ?'

'ಇಲ್ಲ, ನಿಧಾನ ಆಗ್ತಿದೆ. ಓ... ಹಾಗಾದರೆ ಕೆಳಗಿನ ಬಲ ಒಂದೇ ಸಾಕಲ್ವಾ?'

ಅಲ್ಲಿಗೆ ಮುಗಿಸಬೇಡಿ. 'ತುತ್ತತುದಿಯಲ್ಲಿ ವೇಗ ಸೊನ್ನೆ. ಅಲ್ಲಿ ವೇಗೋತ್ಕರ್ಷ ಎಷ್ಟು?' ಅಂತ ಗುಂಪಿಗೇ ಕೇಳಿ. ಅರ್ಧದಷ್ಟು ಜನ ಸೊನ್ನೆ ಅಂದರೂ ಅಚ್ಚರಿಪಡಬೇಡಿ. ಉತ್ತರ ಕೆಳಮುಖವಾಗಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್. ಆದರೆ ಅದನ್ನು ನೀವು ಹೇಳಬೇಡಿ. ಸೊನ್ನೆ ಅಂದವರು, ಅಲ್ಲ ಅಂದವರು ಪರಸ್ಪರ ವಾದಿಸಲಿ. ಅಲ್ಲಿ ವೇಗೋತ್ಕರ್ಷ ಸೊನ್ನೆಯೇ ಆಗಿದ್ದರೆ ಚೆಂಡು ಆಮೇಲೆ ಕೆಳಗೆ ಬರುವುದು ಹೇಗೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಹೀಗೆ ನಡೆಸಲು ಬೇಕಾದ್ದು ಕಾಯುವ ಅಭ್ಯಾಸ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು 1 ಸೆಕೆಂಡ್ ಮಾತ್ರ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಮಾತಾಡದವರೂ ಮಾತಾಡತೊಡಗಿದರು. ಮೂರು ಸೆಕೆಂಡ್ ಮೌನ ಅಂದರೆ ಕಡಿಮೆ ಅನ್ನಿಸಬಹುದು. ಗುಂಪಿನ ಮುಂದೆ ಕೂತಾಗ ಅದು ಬಹಳ ಉದ್ದ. ಮನಸ್ಸಲ್ಲೇ ಎಣಿಸಿ.

ನಿಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ 'ನನಗೂ ಗೊತ್ತಿಲ್ಲ, ಒಟ್ಟಿಗೆ ನೋಡೋಣ' ಅನ್ನಿ. ಪುಸ್ತಕದ ಸೂಚಿಯಲ್ಲಿ ಪದ ಹುಡುಕುವುದು, ಅಳತೆಯ ಘಟಕ ಸರಿಹೊಂದುತ್ತದಾ ಅಂತ ನೋಡುವುದು, ಚಿಕ್ಕ ಸಂಖ್ಯೆ ಹಾಕಿ ಪರೀಕ್ಷಿಸುವುದು, ಇದನ್ನೆಲ್ಲ ಜೋರಾಗಿ ಹೇಳುತ್ತಾ ಮಾಡಿ. ಗೊತ್ತಿಲ್ಲದಾಗ ಏನು ಮಾಡಬೇಕು ಅನ್ನುವುದನ್ನು ಹೊಸಬರು ಬೇರೆಲ್ಲೂ ಕಣ್ಣಾರೆ ನೋಡಿರುವುದಿಲ್ಲ.

ಕೊನೆಯ ಐದು ನಿಮಿಷದಲ್ಲಿ ಪ್ರತಿಯೊಬ್ಬರೂ ಮುಂದಿನ ವಾರದೊಳಗೆ ಮಾಡುವ ಒಂದೇ ಒಂದು ಕೆಲಸ ಹೇಳಲಿ. 'ಚೆನ್ನಾಗಿ ಓದ್ತೀನಿ' ನಡೆಯುವುದಿಲ್ಲ. 'ಶುಕ್ರವಾರದೊಳಗೆ ಮೂರನೇ ಅಧ್ಯಾಯದ ಐದು ಲೆಕ್ಕ' ನಡೆಯುತ್ತದೆ.

ಹೆಜ್ಜೆ 6: ಲ್ಯಾಬಿನ ಭಯ ಬಿಡಿಸಿ

ಮೊದಲ ವರ್ಷದಲ್ಲಿ ಪಾಠಕ್ಕಿಂತ ಲ್ಯಾಬ್ ಕಂಡರೆ ಹೆದರುವವರು ಇರುತ್ತಾರೆ. 'ಸರಿಯಾದ' ಉತ್ತರ ಬರಲೇಬೇಕು ಅನ್ನುವ ಒತ್ತಡ ಅದಕ್ಕೆ ಮುಖ್ಯ ಕಾರಣ. ಲೋಲಕದ ಪ್ರಯೋಗ ತೆಗೆದುಕೊಳ್ಳಿ. ಒಬ್ಬ ಹುಡುಗಿ ದಾರದ ಉದ್ದ 1.00 ಮೀಟರ್ ಅಂತ ಬರೆದಿದ್ದಾಳೆ. 20 ತೂಗಾಟಕ್ಕೆ 40.6 ಸೆಕೆಂಡ್ ಬಂದಿದೆ. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 9.58. ಪುಸ್ತಕದಲ್ಲಿ 9.8 ಇದೆ. ಕೈ ತಾನಾಗಿ ರಬ್ಬರ್ ಕಡೆ ಹೋಗುತ್ತದೆ, 40.6 ಅಳಿಸಿ 40.1 ಮಾಡೋಣ ಅಂತ.

ಆಗ ಗದರಬೇಡಿ. 'ಉದ್ದ ಎಲ್ಲಿಂದ ಎಲ್ಲಿಗೆ ಅಳೆದೆ?' ಅಂತ ಕೇಳಿ. ದಾರವನ್ನಷ್ಟೇ ಅಳೆದಿದ್ದರೆ ಗುಂಡಿನ ನಡುಬಿಂದುವಿನವರೆಗಿನ ದೂರ ಬಿಟ್ಟುಹೋಗಿದೆ. ಗುಂಡಿನ ತ್ರಿಜ್ಯ 2 ಸೆಂಟಿಮೀಟರ್ ಇದ್ದರೆ ನಿಜವಾದ ಉದ್ದ 1.02 ಮೀಟರ್. ಈಗ ಉತ್ತರ 9.77. ಅಳತೆ ಸುಳ್ಳಾಗಿರಲಿಲ್ಲ, ಏನೋ ಹೇಳುತ್ತಿತ್ತು. ಈ ಅನುಭವ ಒಮ್ಮೆ ಆದರೆ ಸಾಕು, ಅಂಕಿ ತಿದ್ದುವ ಆಸೆ ಕಡಿಮೆಯಾಗುತ್ತದೆ. ಅಳತೆಯನ್ನು ಪೆನ್ನಿನಲ್ಲೇ ಬರೆಯಲಿ. ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಲಿ. ಹಳೆಯದು ಓದಲು ಕಾಣಿಸುತ್ತಿರಲಿ.

ಒಂದರ ಬದಲು 20 ತೂಗಾಟ ಯಾಕೆ ಎಣಿಸುತ್ತೇವೆ ಅಂತಲೂ ಕೇಳಿ. ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡ್ ಹೆಚ್ಚುಕಡಿಮೆ ಆದರೆ, 20ಕ್ಕೆ ಹಂಚಿದಾಗ ಒಂದು ತೂಗಾಟಕ್ಕೆ 0.01 ಸೆಕೆಂಡ್ ಮಾತ್ರ ಬರುತ್ತದೆ. ದೋಷದ ಲೆಕ್ಕ ಅಂದರೆ ಏನು ಅಂತ ಇದರಿಂದ ಅರ್ಥವಾದಷ್ಟು ಸೂತ್ರದಿಂದ ಆಗುವುದಿಲ್ಲ.

ಹೆಜ್ಜೆ 7: ಗೆರೆ ಎಲ್ಲಿದೆ ಅಂತ ಗೊತ್ತಿರಲಿ

ನಿಮ್ಮ ಹಳೆಯ ರೆಕಾರ್ಡ್, ಹಳೆಯ ಅಸೈನ್‌ಮೆಂಟ್ ಕೊಡಬೇಡಿ. ಕೇಳುತ್ತಾರೆ, ಬೇಡಿಕೊಳ್ಳುತ್ತಾರೆ ಕೂಡ. ಕೊಟ್ಟರೆ ಇಬ್ಬರೂ ಸಿಕ್ಕಿಬೀಳಬಹುದು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಪರೀಕ್ಷೆಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಬದಲಿಗೆ ಜೋಡಿ ಲೆಕ್ಕ ಮಾಡಿ. ಅಸೈನ್‌ಮೆಂಟಿನ ಲೆಕ್ಕ ಮುಟ್ಟಬೇಡಿ, ಅದೇ ತರಹದ ಇನ್ನೊಂದನ್ನು ನೀವೇ ಕಟ್ಟಿ ಕೊಡಿ. 'ನಾಲ್ಕು ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ಸೇರಿ ನೀರಾಗುತ್ತವೆ. ಮೊದಲು ಮುಗಿಯುವುದು ಯಾವುದು?' ಗ್ರಾಂ ನೋಡಿದವರು ಹೈಡ್ರೋಜನ್ ಅನ್ನುತ್ತಾರೆ. ಮೋಲ್‌ಗೆ ಬದಲಿಸಿದರೆ ಹೈಡ್ರೋಜನ್ 2, ಆಕ್ಸಿಜನ್ 0.5. ಅಷ್ಟು ಆಕ್ಸಿಜನ್‌ಗೆ ಬೇಕಿರುವುದು 1 ಮೋಲ್ ಹೈಡ್ರೋಜನ್ ಮಾತ್ರ. ಅಂದರೆ ಮೊದಲು ಮುಗಿಯುವುದು ಆಕ್ಸಿಜನ್, ಬರುವ ನೀರು 18 ಗ್ರಾಂ. ಇದನ್ನು ಅರ್ಥಮಾಡಿಕೊಂಡವರು ತಮ್ಮ ಅಸೈನ್‌ಮೆಂಟನ್ನು ತಾವೇ ಮಾಡುತ್ತಾರೆ.

ಮೆಸೇಜಿಗೆ ಯಾವ ಹೊತ್ತಿನವರೆಗೆ ಉತ್ತರಿಸುತ್ತೀರಿ ಅಂತ ಹೇಳಿ, ಹಾಗೇ ನಡೆದುಕೊಳ್ಳಿ. ಹಣ, ಉಡುಗೊರೆ ಬೇಡ. ಗುಂಪಿನಲ್ಲಿರುವವರ ಜೊತೆ ಪ್ರೇಮ ಪ್ರಕರಣ ಬೇಡ. ಹಾಗೇನಾದರೂ ಮನಸ್ಸು ಹೋದರೆ ಮೆಂಟರ್‌ಗಳನ್ನು ನೋಡಿಕೊಳ್ಳುವ ಸಂಯೋಜಕರಿಗೆ ಹೇಳಿ ಬೇರೆ ಮೆಂಟರ್‌ಗೆ ವಹಿಸಿ. ಅಧ್ಯಾಪಕರ ಬಗ್ಗೆ ದೂರು ಬಂದರೆ ಕೇಳಿಸಿಕೊಳ್ಳಿ, ನೀವೂ ಸೇರಿ ಬಯ್ಯಬೇಡಿ. ಆ ಅಧ್ಯಾಪಕರ ಹತ್ತಿರ ಹೋಗಿ ಏನು ಕೇಳಬೇಕು ಅನ್ನುವ ಪ್ರಶ್ನೆಯನ್ನು ಒಟ್ಟಿಗೆ ಬರೆಯಿರಿ. ಬೇಕಾದರೆ ಮೊದಲ ಸಲ ಬಾಗಿಲವರೆಗೆ ಜೊತೆಗೆ ಹೋಗಿ.

ಹೆಜ್ಜೆ 8: ತೊಂದರೆ ಓದಿನದ್ದಲ್ಲದಾಗ

ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ, ಸದಾ ಜೊತೆಗಿದ್ದ ಗೆಳೆಯರಿಂದ ದೂರ ಸರಿದಿದ್ದಾರೆ, 'ನನ್ನಿಂದ ಎಲ್ಲರಿಗೂ ತೊಂದರೆ' ಅನ್ನುತ್ತಿದ್ದಾರೆ. ಇಂಥದ್ದು ಕಂಡರೆ ಲೆಕ್ಕ ಪಕ್ಕಕ್ಕಿಡಿ. ಗುಂಪಿನಿಂದ ಸ್ವಲ್ಪ ಬದಿಗೆ ಕರೆದು, 'ಕೆಲವು ದಿನದಿಂದ ನೀನು ಸಪ್ಪಗಿದ್ದೀಯ ಅನ್ನಿಸ್ತು. ಹೇಗಿದ್ದೀಯ?' ಅಂತ ಕೇಳಿ. ಸಲಹೆ ಕೊಡುವ ಆತುರ ಬೇಡ, ಕೇಳಿಸಿಕೊಳ್ಳಿ.

ಸಾಯುವ ಮಾತು ಬಂದರೆ, ಅಥವಾ ಬಂದಂತೆ ಅನ್ನಿಸಿದರೆ, ನೇರವಾಗಿಯೇ ಕೇಳಿ: 'ಜೀವ ಕಳೆದುಕೊಳ್ಳಬೇಕು ಅನ್ನಿಸ್ತಿದೆಯಾ?' ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವ ಭಯ ಹಲವರಿಗಿದೆ. ಅದು ನಿಜವಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬೇಡಿ. ಆಗಲೇ ಆಪ್ತಸಮಾಲೋಚಕರಿಗೆ ಅಥವಾ ತುರ್ತು ಸಹಾಯಕ್ಕೆ ಕರೆ ಮಾಡಿ, ಸಂಯೋಜಕರಿಗೆ ತಿಳಿಸಿ. ಅವರ ಜೀವದ ಭಾರವನ್ನು ನೀವೊಬ್ಬರೇ ಹೊರಬೇಕಾಗಿಲ್ಲ, ಹೊರಲೂಬಾರದು. ಆಮೇಲೆ ನಿಮಗೂ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತದೆ. ಖಂಡಿತ ಮಾತಾಡಿ.

ಹೆಜ್ಜೆ 9: ಬರುವುದು ನಿಲ್ಲಿಸಿದವರು

ಮೊದಲ ಟೆಸ್ಟಿನ ಅಂಕ ಬಂದ ವಾರ ಗುಂಪು ಸಣ್ಣದಾಗಬಹುದು. ಕಡಿಮೆ ಬಂದವರು ಮುಖ ತೋರಿಸಲು ಹಿಂಜರಿಯುತ್ತಾರೆ. ಯಾರಿಗೆ ನಿಮ್ಮ ಅಗತ್ಯ ಹೆಚ್ಚೋ ಅವರೇ ದೂರವಾಗುವ ಹೊತ್ತು ಅದು. 'ಯಾಕೆ ಬರಲಿಲ್ಲ?' ಅಂತ ಬರೆಯಬೇಡಿ. 'ಬುಧವಾರ ನಿನ್ನನ್ನು ಎಲ್ಲರೂ ಕೇಳಿದರು. ಈ ವಾರ ಟೆಸ್ಟ್ ಪೇಪರ್ ಇಟ್ಟುಕೊಂಡು ಎಲ್ಲಿ ಅಂಕ ಹೋಯಿತು ಅಂತ ನೋಡ್ತಾ ಇದ್ದೀವಿ, ನಿನ್ನದೂ ತಾ' ಅಂತ ಬರೆಯಿರಿ. ಕೇಳಿದ್ದು ನಿಜವಾಗಿದ್ದರೆ ಮಾತ್ರ ಹಾಗೆ ಬರೆಯಿರಿ. ಎರಡು ಸಲ ಬರೆದೂ ಉತ್ತರ ಬರದಿದ್ದರೆ ಒತ್ತಾಯ ಬೇಡ, ಸಂಯೋಜಕರಿಗೆ ತಿಳಿಸಿ.

ಪೇಪರ್ ನೋಡುವಾಗ ಪ್ರತಿ ತಪ್ಪಿನ ಪಕ್ಕ ಅದು ಯಾವ ಬಗೆಯದ್ದು ಅಂತ ಬರೆಯಿಸಿ: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಲೆಕ್ಕದಲ್ಲಿ ಜಾರಿತು, ಸಮಯ ಸಾಲಲಿಲ್ಲ. 'ನಾನು ಭೌತಶಾಸ್ತ್ರದಲ್ಲಿ ವೀಕು' ಅನ್ನುತ್ತಿದ್ದ ಹುಡುಗಿಗೆ ಹೋದ ಅಂಕಗಳಲ್ಲಿ ಹೆಚ್ಚಿನವು ಘಟಕ ಬದಲಿಸುವಾಗ ಹೋಗಿವೆ ಅಂತ ಗೊತ್ತಾದರೆ ಆಕೆಗೆ ಮುಂದಿನ ವಾರ ಮಾಡಬೇಕಾದ್ದು ಏನು ಅಂತ ಸ್ಪಷ್ಟವಾಗುತ್ತದೆ.

ಹೆಜ್ಜೆ 10: ಬರೆದಿಡಿ, ಮುಂದಿನವರಿಗೆ ಕೊಡಿ

ಪ್ರತಿ ಭೇಟಿಯ ನಂತರ ನಾಲ್ಕು ಸಾಲು ಸಾಕು: ಯಾವ ವಿಷಯ ನೋಡಿದೆವು, ಎಲ್ಲಿ ಸಿಕ್ಕಿಕೊಂಡರು, ಯಾವ ಪ್ರಶ್ನೆ ಕೆಲಸ ಮಾಡಿತು, ಮುಂದೆ ಏನು. ಅವರ ವೈಯಕ್ತಿಕ ವಿಷಯ ಇದರಲ್ಲಿ ಬರೆಯಬೇಡಿ. ಗುಂಪಿನ ಅಭಿಪ್ರಾಯವನ್ನು ಸೆಮಿಸ್ಟರ್ ಮುಗಿದ ಮೇಲಲ್ಲ, ಮಧ್ಯದಲ್ಲೇ ಕೇಳಿ. ಹೆಸರಿಲ್ಲದ ಚೀಟಿಯಲ್ಲಿ ಎರಡೇ ಪ್ರಶ್ನೆ: ಯಾವುದು ಮುಂದುವರಿಯಬೇಕು, ಯಾವುದು ಬದಲಾಗಬೇಕು? ಬದಲಾಯಿಸಲು ಇನ್ನೂ ಸಮಯ ಇರುವಾಗ ಕೇಳಿದರೆ ಅವರಿಗೂ ಬರೆಯುವ ಮನಸ್ಸಾಗುತ್ತದೆ.

ಸೆಮಿಸ್ಟರ್ ಕೊನೆಗೆ ಆ ಸಾಲುಗಳನ್ನೆಲ್ಲ ಸೇರಿಸಿ ಎರಡು ಪುಟ ಮಾಡಿ ಸಂಯೋಜಕರಿಗೆ ಕೊಡಿ. ಯಾವ ವಾರ ಯಾವ ಪಾಠದಲ್ಲಿ ಹೊಸಬರು ನಿಲ್ಲುತ್ತಾರೆ ಅನ್ನುವುದು ಅಧ್ಯಾಪಕರಿಗೂ ಬೇಕಾದ ಮಾಹಿತಿ. ನಿಮ್ಮ ಗುಂಪಿನಲ್ಲಿ ಇನ್ನೊಬ್ಬರ ಲೆಕ್ಕ ನೋಡಿ 'ಇದನ್ನು ಯಾಕೆ ಹೀಗೆ ಮಾಡಿದೆ?' ಅಂತ ತಾವಾಗಿ ಕೇಳುತ್ತಿದ್ದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರನ್ನು ಕರೆದು ಮುಂದಿನ ವರ್ಷ ಮೆಂಟರ್ ಆಗುತ್ತೀರಾ ಅಂತ ಕೇಳಿ. ಅವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಆ ಎರಡು ಪುಟದ ಜೊತೆಗೇ ಕೊಡಿ.